ಹಿಮದೂರಿನ ದುಡಿಮೆ: ಗುಲ್ಮರ್ಗ್‌ನ ಚಳಿಗಾಲ ಯಾರ ಹೆಗಲ ಮೇಲಿದೆ?

ಡಿಸೆಂಬರ್ ಬಂತೆಂದರೆ ಗುಲ್ಮರ್ಗ್‌ನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗುತ್ತದೆ. ಸುದ್ದಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ: ಎಷ್ಟು ಇಂಚು ಹಿಮ ಬಿತ್ತು, ಎಷ್ಟು ಸಾವಿರ ಪ್ರವಾಸಿಗರು ಬಂದರು. ಎರಡೂ ಏರಿದ್ದರೆ ಋತು ಚೆನ್ನಾಗಿತ್ತು, ಇಳಿದಿದ್ದರೆ ಕೆಟ್ಟಿತು ಎಂದು ಷರಾ ಬೀಳುತ್ತದೆ. ಬೆಂಗಳೂರಿನಿಂದ ಶ್ರೀನಗರಕ್ಕೆ ಹಾರುವ ಕನ್ನಡದ ಕುಟುಂಬಗಳೂ ಆ ಎರಡನೆಯ ಅಂಕಿಯೊಳಗೆ ಸೇರಿವೆ. ಹಿಮದ ಮೇಲೆ ಜಾರಿ, ಗೊಂಡೋಲಾ ಎಂಬ ತೂಗುಬಂಡಿ ಹತ್ತಿ, ಫೋಟೊ ತೆಗೆಸಿಕೊಂಡು ಸಂಜೆಯೊಳಗೆ ಕೆಳಗಿಳಿಯುವವರಿಗೆ ಅಲ್ಲಿನ ಚಳಿಗಾಲ ಒಂದು ದಿನದ ಅನುಭವ. ಅಲ್ಲಿಯೇ ಬದುಕುವವರಿಗೆ ಅದು ಸುಮಾರು ನಾಲ್ಕು ತಿಂಗಳ ಸಂಸಾರ.

ಆ ಸಂಸಾರ ಹೇಗೆ ಸಾಗುತ್ತದೆ? ಮನೆ ಬೆಚ್ಚಗಿರುವುದು ಹೇಗೆ, ದುಡಿಮೆ ಎಲ್ಲಿಂದ ಹುಟ್ಟುತ್ತದೆ, ಅಪಾಯ ಎರಗಿದಾಗ ಯಾರ ತಲೆಯ ಮೇಲೆ ಬೀಳುತ್ತದೆ, ಹಿಮವೇ ಬಾರದ ವರ್ಷ ಏನು ಗತಿ? ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಗುಲ್ಮರ್ಗ್‌ನ ಚಳಿಗಾಲದ ಲಾಭ ಹಲವರಲ್ಲಿ ಹಂಚಿಹೋಗುತ್ತದೆ. ಅದರ ನಷ್ಟವನ್ನು ಮಾತ್ರ ದಿನಗೂಲಿಯವರು ಹೊರುತ್ತಾರೆ. ಹಿಮದೂರಿನ ಯಶಸ್ಸನ್ನು ಅಳೆಯಬೇಕಾದರೆ ಮೊದಲು ನೋಡಬೇಕಾದದ್ದು ಈ ಹೊರೆಯನ್ನೇ.

ಬಟ್ಟಲಿನಂಥ ಬಯಲು, ಅದರ ಚರಿತ್ರೆ

ಬಾರಾಮುಲ್ಲಾ ಜಿಲ್ಲೆಯಲ್ಲಿ, ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪೀರ್ ಪಂಜಾಲ್ ಶ್ರೇಣಿಯ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ ಗುಲ್ಮರ್ಗ್ ಇದೆ. ಸುತ್ತ ದೇವದಾರು, ಫರ್ ಮರಗಳ ಕಾಡು. ನಡುವೆ ಬಟ್ಟಲಿನಂಥ ಹುಲ್ಲುಗಾವಲು. ಮೇಲೆ ಅಫರ್ವಟ್ ಪರ್ವತದ ಬೋಳು ನೆತ್ತಿ. ಬೇಸಿಗೆಯಲ್ಲಿ ಗುಜ್ಜರರ ಕುರಿ, ಎಮ್ಮೆಗಳು ಮೇಯುವ ಈ ಜಾಗಕ್ಕೆ ಹದಿನಾರನೆಯ ಶತಮಾನದ ಸುಲ್ತಾನ ಯೂಸುಫ್ ಶಾ ಚಕ್ ಈಗಿನ ಹೆಸರು ಕೊಟ್ಟನೆನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ಇದು ಬಯಲಿನ ಸೆಕೆ ತಾಳದವರ ಬೇಸಿಗೆಯ ಬೀಡು. ಅವರ ಗಾಲ್ಫ್ ಮೈದಾನ, 1902ರ ಸೇಂಟ್ ಮೇರೀಸ್ ಚರ್ಚು ಈಗಲೂ ಇವೆ. 1927ರಲ್ಲಿ ಅವರೇ ಇಲ್ಲಿ ಸ್ಕೀ ಕ್ಲಬ್ ಆರಂಭಿಸಿದರು. ಅದು ರಜೆಯಲ್ಲಿ ಬರುವ ಅಧಿಕಾರಿಗಳ ಆಟವಾಗಿತ್ತೇ ಹೊರತು ಊರಿನವರ ಜೀವನೋಪಾಯವಾಗಿರಲಿಲ್ಲ.

ಚಳಿಗಾಲದ ಗುಲ್ಮರ್ಗ್‌ಗೆ ನಿಜವಾದ ತಿರುವು ಸಿಕ್ಕಿದ್ದು ಯುದ್ಧದಿಂದ. ಅದರಲ್ಲಿ ಕೊಡಗಿನ ಪಾಲಿದೆ. ಮಡಿಕೇರಿಯವರಾದ ಕೆ. ಎಸ್. ತಿಮ್ಮಯ್ಯ 1948ರಲ್ಲಿ ಕಾಶ್ಮೀರದಲ್ಲಿ 19ನೇ ಪದಾತಿ ಡಿವಿಜನ್‌ನ ದಂಡನಾಯಕರಾಗಿದ್ದರು. ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಸೇನಾನಿ ಅವರೇ. ಹಿಮದಲ್ಲಿ ಓಡಾಡಲು, ಕಾದಾಡಲು ಬೇರೆಯದೇ ತರಬೇತಿ ಬೇಕೆಂದು ಕಂಡುಕೊಂಡ ಅವರು ಅದೇ ವರ್ಷದ ಕೊನೆಯಲ್ಲಿ ಗುಲ್ಮರ್ಗ್‌ನಲ್ಲಿ ಡಿವಿಜನ್‌ನ ಸ್ಕೀ ಶಾಲೆ ತೆರೆದರು. ಅದು ಬೆಳೆದು ಇಂದಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿದೆ. ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ 1968ರಲ್ಲಿ ಆರಂಭವಾಯಿತು. ಫ್ರಾನ್ಸಿನ ಪೋಮಾ ಕಂಪನಿ ಕಟ್ಟಿದ ಗೊಂಡೋಲಾದ ಮೊದಲ ಹಂತ 1998ರಲ್ಲಿ ಓಡತೊಡಗಿತು. ಅದು ಕೊಂಗ್‌ಡೋರಿಯವರೆಗೆ ಒಯ್ಯುತ್ತದೆ. 2005ರಲ್ಲಿ ಬಂದ ಎರಡನೆಯ ಹಂತ ಅಫರ್ವಟ್‌ನ ಹೆಗಲಿಗೆ, ಸುಮಾರು 3,950 ಮೀಟರ್ ಎತ್ತರಕ್ಕೆ, ಏರಿಸುತ್ತದೆ. ಅಲ್ಲಿಂದ ಪುಡಿಹಿಮದ ಇಳಿಜಾರುಗಳಲ್ಲಿ ಜಾರಲು ಯುರೋಪು, ರಷ್ಯಾ, ಆಸ್ಟ್ರೇಲಿಯಾಗಳಿಂದ ಸ್ಕೀಯರ್‌ಗಳು ಬರುತ್ತಾರೆ. ಬೇಸಿಗೆಯ ಊರು ಹೀಗೆ ಚಳಿಗಾಲದ ಊರೂ ಆಯಿತು.

ಆದರೆ ಈ ಬಟ್ಟಲಿನಲ್ಲಿ ಕಾಣುವುದು ಬಹುತೇಕ ಹೋಟೆಲುಗಳು, ಸರ್ಕಾರಿ ಕಟ್ಟಡಗಳು, ಸೇನೆಯ ನೆಲೆ. ಇದನ್ನು ನಡೆಸುವ ಕೈಗಳು ಕೆಳಗಿನ ತಂಗ್‌ಮರ್ಗ್ ಪಟ್ಟಣದಿಂದ, ಅದರ ಸುತ್ತಲಿನ ಹಳ್ಳಿಗಳಿಂದ ಬರುತ್ತವೆ. ಗುಲ್ಮರ್ಗ್‌ನ ಚಳಿಗಾಲ ಅರ್ಥವಾಗಬೇಕಾದರೆ ತಂಗ್‌ಮರ್ಗ್‌ನ ಮನೆಗಳ ಒಳಗೆ ಹೋಗಬೇಕು.

ಮನೆಯೊಳಗಿನ ನಾಲ್ಕು ತಿಂಗಳು

ಕಾಶ್ಮೀರದವರು ಚಳಿಯನ್ನು ಮೂರು ಪಾಲು ಮಾಡಿದ್ದಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್. ಇದು ಹಿರಿಯ ಚಳಿ. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕೊನೆಯ ಹತ್ತು ದಿನ ಚಿಲ್ಲೈ ಬಚ್ಚಾ. ಮೊದಲ ನಲವತ್ತು ದಿನಗಳಲ್ಲಿ ಗುಲ್ಮರ್ಗ್‌ನ ರಾತ್ರಿಯ ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವುದು ವಿಶೇಷವೇನಲ್ಲ. ನಲ್ಲಿಯ ನೀರು ಕೊಳವೆಯೊಳಗೇ ಹೆಪ್ಪುಗಟ್ಟುತ್ತದೆ. ಕಣಿವೆಯ ಶಾಲೆಗಳಿಗೆ ದೊಡ್ಡ ರಜೆ ಬೇಸಿಗೆಯಲ್ಲಿಲ್ಲ, ಈ ದಿನಗಳಲ್ಲಿದೆ.

ಇದಕ್ಕೆ ಸಿದ್ಧತೆ ಆಗಸ್ಟ್‌ನಲ್ಲೇ ಶುರು. ಸೋರೆಕಾಯಿ, ಬದನೆ, ಟೊಮೆಟೊ, ಟರ್ನಿಪ್‌ಗಳನ್ನು ಹೋಳು ಮಾಡಿ ದಾರಕ್ಕೆ ಪೋಣಿಸಿ ಮನೆಯ ಮುಂದೆ ತೂಗುಹಾಕಿ ಒಣಗಿಸುತ್ತಾರೆ. ಈ ಒಣ ತರಕಾರಿಗೆ ಹೋಖ್ ಸ್ಯುನ್ ಎನ್ನುತ್ತಾರೆ. ಹೆದ್ದಾರಿ ಮುಚ್ಚಿ, ಜಮ್ಮುವಿನ ಕಡೆಯಿಂದ ಬರುವ ತರಕಾರಿಯ ಲಾರಿಗಳು ರಾಮಬನ್‌ನ ಭೂಕುಸಿತದ ಹಿಂದೆ ದಿನಗಟ್ಟಲೆ ನಿಂತಾಗ ಅಡುಗೆಮನೆಯನ್ನು ಕಾಪಾಡುತ್ತಿದ್ದದ್ದು ಇದೇ. ಮೂಲಂಗಿ, ಟರ್ನಿಪ್‌ಗಳನ್ನು ಹಿತ್ತಲಿನ ಗುಂಡಿಯಲ್ಲಿ ಹೂತಿಡುವುದೂ ಉಂಟು; ಮೇಲೆ ಹಿಮ ಮುಚ್ಚಿದರೂ ಒಳಗೆ ಅವು ಕೆಡುವುದಿಲ್ಲ. 2025ರ ಜೂನ್‌ನಲ್ಲಿ ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡತೊಡಗಿದ ಮೇಲೆ ಕಣಿವೆಯ ಒಂಟಿತನ ಒಂದಿಷ್ಟು ಕಡಿಮೆಯಾಗಿದೆ. ಆದರೂ ಬೆಟ್ಟದ ಹಳ್ಳಿಗಳಲ್ಲಿ ಒಣಗಿಸುವ ಪದ್ಧತಿ ನಿಂತಿಲ್ಲ.

ಮನೆಯನ್ನು ಬೆಚ್ಚಗಿಡುವುದು ಇನ್ನೂ ದೊಡ್ಡ ಕೆಲಸ. ಇಲ್ಲಿ ಬಿಸಿ ಮಾಡುವುದು ಕೋಣೆಯನ್ನಲ್ಲ, ಮೈಯನ್ನು. ಅದಕ್ಕೆ ಕಾಂಗ್ರಿ ಬೇಕು: ಒಳಗೆ ಮಣ್ಣಿನ ಬಟ್ಟಲು, ಹೊರಗೆ ವಿಲ್ಲೋ ಕಡ್ಡಿಗಳ ಹೆಣಿಗೆ, ಮೇಲೆ ಹಿಡಿಕೆ. ಅದನ್ನು ತುಂಬುವುದಕ್ಕೂ ಒಂದು ಕ್ರಮವಿದೆ. ತಳದಲ್ಲಿ ಇದ್ದಿಲು ಅಥವಾ ಚಿನಾರ್ ಎಲೆ ಸುಟ್ಟು ಮಾಡಿದ ಕರಿಪುಡಿ, ಅದರ ಮೇಲೆ ಒಲೆಯಿಂದ ತೆಗೆದ ಕೆಂಡ, ಎಲ್ಲಕ್ಕಿಂತ ಮೇಲೆ ಬೂದಿಯ ಹೊದಿಕೆ. ಬೂದಿ ದಪ್ಪವಾದರೆ ಕೆಂಡ ನಂದುತ್ತದೆ, ತೆಳುವಾದರೆ ಬೇಗ ಉರಿದುಹೋಗುತ್ತದೆ. ಹದವಾಗಿ ತುಂಬಿದ ಕಾಂಗ್ರಿ ಹಲವು ಗಂಟೆ ಕಾಯುತ್ತದೆ; ಕಾವು ಇಳಿದಾಗ ಹಿಡಿಕೆಗೆ ಕಟ್ಟಿದ ಚಿಕ್ಕ ಸಟ್ಟುಗದಿಂದ ಕೆದಕಿದರೆ ಮತ್ತೆ ಏರುತ್ತದೆ. ಮೊಣಕಾಲಿನ ಕೆಳಗೂ ಇಳಿಯುವ ಉಣ್ಣೆಯ ಫೆರನ್‌ನೊಳಗೆ ಇದನ್ನು ಹಿಡಿದುಕೊಂಡೇ ಜನ ಅಂಗಡಿಗೆ ಹೋಗುತ್ತಾರೆ, ಬಸ್ಸಿಗೆ ಕಾಯುತ್ತಾರೆ. ಶರದೃತುವಿನಲ್ಲಿ ಉದುರಿದ ಎಲೆ ಗುಡಿಸಿ, ಸುಟ್ಟು, ನೀರು ಚಿಮುಕಿಸಿ ಕರಿ ಮಾಡಿಡುವುದು, ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಮನೆಮಂದಿಯ ಕಾಂಗ್ರಿಗಳನ್ನು ತುಂಬುವುದು ಹೆಚ್ಚಾಗಿ ಹೆಂಗಸರ ಪಾಲಿನ ಕೆಲಸ. ಪ್ರವಾಸೋದ್ಯಮದ ಯಾವ ಲೆಕ್ಕದಲ್ಲೂ ಈ ದುಡಿಮೆ ಕಾಣುವುದಿಲ್ಲ. ಆದರೆ ಬೆಳಗ್ಗೆ ಆರಕ್ಕೆ ಗುಲ್ಮರ್ಗ್‌ಗೆ ಹೊರಡುವ ಗಂಡಾಳು ಮೈ ಬೆಚ್ಚಗಿಟ್ಟುಕೊಂಡು ಹೊರಡುವುದು ಇದರಿಂದಲೇ.

ಕಾಂಗ್ರಿಗೆ ಕಹಿ ಮುಖವೂ ಉಂಟು. ದಶಕಗಳ ಕಾಲ ಹೊಟ್ಟೆ, ತೊಡೆಗಳಿಗೆ ಒತ್ತಿ ಹಿಡಿದುಕೊಂಡವರಿಗೆ ಚರ್ಮದ ಕ್ಯಾನ್ಸರ್ ಬರುವುದನ್ನು ಎಲ್ಮ್ಸ್‌ಲಿ ಎಂಬ ಮಿಷನರಿ ವೈದ್ಯ 1866ರಲ್ಲೇ ಗುರುತಿಸಿದ್ದರು. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಅಥವಾ ಗ್ಯಾಸ್ ಹೀಟರ್ ಉರಿಸಿ ಮಲಗಿದವರು ಇಂಗಾಲದ ಮಾನಾಕ್ಸೈಡಿಗೆ ಬಲಿಯಾಗುವ ಸುದ್ದಿ ಪ್ರತಿ ಚಳಿಗಾಲವೂ ಬರುತ್ತದೆ.

ವಿದ್ಯುತ್ ಇದ್ದರೆ ಈ ಅಪಾಯ ಕಡಿಮೆಯಾಗುತ್ತಿತ್ತಲ್ಲ ಎನ್ನಬಹುದು. ಜಮ್ಮು-ಕಾಶ್ಮೀರದ ಸ್ವಂತ ಉತ್ಪಾದನೆ ಹೆಚ್ಚಾಗಿ ಜಲವಿದ್ಯುತ್ತು. ಚಳಿಗಾಲದಲ್ಲಿ ಮೇಲಿನ ಹಿಮ ಕರಗದೆ ನದಿಗಳು ಸೊರಗುತ್ತವೆ, ಉತ್ಪಾದನೆ ಕುಸಿಯುತ್ತದೆ. ಬೇಡಿಕೆ ತುತ್ತತುದಿಗೇರುವುದೂ ಅದೇ ದಿನಗಳಲ್ಲಿ. ಕೊರತೆಯನ್ನು ಹೊರಗಿನಿಂದ ಕೊಂಡು ತುಂಬಬೇಕು, ಸಾಲದಿದ್ದರೆ ವಿದ್ಯುತ್ ಕಡಿತ. ಹೋಟೆಲಿನವರು ಡೀಸೆಲ್ ಜನರೇಟರ್ ಹಚ್ಚುತ್ತಾರೆ, ಬುಖಾರಿ ಒಲೆಗೆ ಸೌದೆ ತುಂಬುತ್ತಾರೆ, ಖರ್ಚನ್ನು ಕೋಣೆಯ ಬಾಡಿಗೆಗೆ ಸೇರಿಸುತ್ತಾರೆ. ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನ ಮನೆಯಲ್ಲಿ ಕಾಂಗ್ರಿಯೇ ಗತಿ. ಒಂದೇ ಕಣಿವೆಯಲ್ಲಿ ಚಳಿ ಎರಡು ಬಗೆಯಾಗುವುದು ಹೀಗೆ.

ಹದಿಮೂರು ಕಿಲೋಮೀಟರ್

ತಂಗ್‌ಮರ್ಗ್‌ನಿಂದ ಗುಲ್ಮರ್ಗ್‌ಗೆ 13 ಕಿಲೋಮೀಟರ್ ದಾರಿ. ಕಾಡಿನ ನಡುವೆ ಸುತ್ತಿ ಏರುವ ಈ ರಸ್ತೆಯೇ ಇಡೀ ಚಳಿಗಾಲದ ನಾಡಿ. ರಾತ್ರಿ ಹಿಮ ಬಿದ್ದಿದ್ದರೆ ಬೆಳಕು ಹರಿಯುವ ಮುನ್ನವೇ ಹಿಮ ತಳ್ಳುವ ಯಂತ್ರಗಳು ಹೊರಡಬೇಕು. ರಸ್ತೆ ತೆರೆದ ಮೇಲೂ ಎಲ್ಲ ವಾಹನಗಳನ್ನೂ ಬಿಡುವುದಿಲ್ಲ. ಚಕ್ರಕ್ಕೆ ಕಬ್ಬಿಣದ ಸರಪಳಿ ಕಟ್ಟಿದವು ಅಥವಾ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲವಿರುವ ಜೀಪುಗಳು ಮಾತ್ರ ಮೇಲೆ ಹೋಗಬೇಕು. ಶ್ರೀನಗರದಿಂದ ಬಂದ ಟ್ಯಾಕ್ಸಿಗಳು ತಂಗ್‌ಮರ್ಗ್‌ನಲ್ಲೇ ನಿಲ್ಲುತ್ತವೆ. ಅಲ್ಲಿಯ ಜೀಪಿನವರಿಗೆ, ಗಮ್‌ಬೂಟು ಮತ್ತು ದಪ್ಪ ಕೋಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಿಗೆ ದುಡಿಮೆ ಹುಟ್ಟುವುದು ಈ ನಿಲುಗಡೆಯಲ್ಲೇ. ಪ್ರವಾಸಿಗೆ ಕಿರಿಕಿರಿ ಎನಿಸುವ ಈ ಬದಲಾವಣೆ ಒಂದು ಪಟ್ಟಣದ ಚಳಿಗಾಲದ ಅನ್ನ.

ಮೇಲೆ ಹೋದ ಮೇಲೆ ಕೆಲಸಗಳು ಕವಲೊಡೆಯುತ್ತವೆ. ಸ್ಕೀ ಕಲಿಸುವವರು, ಉಪಕರಣ ಬಾಡಿಗೆ ಕೊಡುವವರು, ಹೊರದೇಶದವರನ್ನು ಇಳಿಜಾರಿಗೆ ಕರೆದೊಯ್ಯುವ ಗೈಡುಗಳು, ಸಾಮಾನು ಹೊರುವ ಪೋರ್ಟರ್‌ಗಳು, ಕುದುರೆಯವರು, ಕಹ್ವಾ ಚಹಾ ಮಾರುವವರು, ಸೂರಿನ ಮೇಲಿನ ಹಿಮ ಎಳೆದು ಹಾಕುವ ಕೂಲಿಗಳು. ತಗಡಿನ ಸೂರು ಎಷ್ಟೇ ಓರೆಯಾಗಿದ್ದರೂ ಒದ್ದೆ ಹಿಮ ಅಂಟಿಕೊಂಡರೆ ಅದರ ಭಾರಕ್ಕೆ ತೊಲೆ ಬಾಗುತ್ತದೆ. ಹಿಮ ತಾನಾಗಿ ಜಾರಿದರೆ ಕೆಳಗೆ ನಡೆಯುವವರ ಮೇಲೆ ಬೀಳುತ್ತದೆ.

ಇವರಲ್ಲಿ ಪ್ರವಾಸಿಗರ ಕಣ್ಣಿಗೆ ಹೆಚ್ಚು ಬೀಳುವವರು, ಹೆಚ್ಚು ಬೈಸಿಕೊಳ್ಳುವವರೂ, ಸ್ಲೆಡ್ಜ್ ಎಳೆಯುವವರು. ಸ್ಲೆಡ್ಜ್ ಎಂದರೆ ಎರಡು ಮರದ ಪಟ್ಟಿಗಳ ಮೇಲೆ ಕೂಡಿಸಿದ ಹಲಗೆ, ಮುಂದೆ ಒಂದು ಹಗ್ಗ. ಏರಿನಲ್ಲಿ ಹಗ್ಗವನ್ನು ಹೆಗಲಿಗೋ ಸೊಂಟಕ್ಕೋ ಬಿಗಿದುಕೊಂಡು, ಮುಂದಕ್ಕೆ ಬಾಗಿ, ಒಬ್ಬ ವಯಸ್ಕ ಪ್ರವಾಸಿಯ ತೂಕವನ್ನು ಎಳೆಯಬೇಕು. ತುಳಿದು ಗಟ್ಟಿಯಾದ ಹಿಮದಲ್ಲಿ ರಬ್ಬರ್ ಬೂಟು ಜಾರುತ್ತದೆ. ಕಾಲಿನ ಅಂಚನ್ನು ಹಿಮಕ್ಕೆ ಕಚ್ಚಿಸಿ ಮುಂದಿನ ಹೆಜ್ಜೆ. ಇಳಿಜಾರು ಬಂದಾಗ ಎಳೆಯುವವನು ತಾನೇ ಮುಂದೆ ಕೂತು ಪ್ರವಾಸಿಯನ್ನು ಬೆನ್ನಿಗೆ ಕೂರಿಸಿಕೊಳ್ಳುತ್ತಾನೆ. ಆ ಗಾಡಿಗೆ ಸ್ಟಿಯರಿಂಗ್ ಇಲ್ಲ, ಬ್ರೇಕ್ ಇಲ್ಲ. ಎರಡಕ್ಕೂ ಅವನ ಹಿಮ್ಮಡಿಗಳೇ. ಇದು ಮುಗಿದ ಮೇಲೆ ದರದ ಚೌಕಾಶಿ. ನಮ್ಮ ಊರಿನ ಪ್ರವಾಸಕಥನಗಳಲ್ಲಿ ಇವರು ಬರುವುದು ಪೀಡಿಸುವವರಾಗಿ, ಹೆಚ್ಚು ಕೇಳುವವರಾಗಿ. ಒಬ್ಬ ಗಿರಾಕಿಯ ಹಿಂದೆ ನಾಲ್ವರು ಓಡಿಬರುತ್ತಾರೆ ಎಂದರೆ ಗಿರಾಕಿ ಒಬ್ಬನೇ ಇದ್ದಾನೆ, ಕೆಲಸ ಬೇಕಾದವರು ನಾಲ್ವರಿದ್ದಾರೆ ಎಂದು ತಾನೇ ಅರ್ಥ? ದೂರಬೇಕಾದದ್ದು ದರಪಟ್ಟಿಯನ್ನೂ ಸರದಿಯ ಪದ್ಧತಿಯನ್ನೂ ಬಿಗಿಯಾಗಿ ನಡೆಸದ ವ್ಯವಸ್ಥೆಯನ್ನು.

ಈ ಹಳ್ಳಿಗಳಿಂದ ಕ್ರೀಡೆಯ ದಾರಿಯಲ್ಲಿ ಮೇಲೆದ್ದವರೂ ಇದ್ದಾರೆ. ತಂಗ್‌ಮರ್ಗ್ ಬಳಿಯ ಹಾಜಿಬಲ್‌ನ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದರು. ಜಯಂಟ್ ಸ್ಲಾಲಮ್‌ನಲ್ಲಿ 45ನೆಯವರಾದರು. ಅವರ ತಂದೆ ಗುಲ್ಮರ್ಗ್‌ನಲ್ಲಿ ಸ್ಕೀ ಅಂಗಡಿ ಇಟ್ಟಿದ್ದವರು, ಮಗನ ಮೊದಲ ಗುರುವೂ ಅವರೇ. 2020ರಿಂದ ಗುಲ್ಮರ್ಗ್‌ನಲ್ಲಿ ನಡೆಯುತ್ತಿರುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ತಿಮ್ಮಯ್ಯನವರು ಶಾಲೆ ತೆರೆದ ಹಿಮದ ಮೇಲೆ ಕೊಡಗಿನ ಹೆಣ್ಣುಮಗಳೊಬ್ಬಳು ಗೆದ್ದದ್ದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಆದರೆ ಒಬ್ಬ ಕ್ರೀಡಾಪಟುವಿನ ಹಿಂದೆ ಹಿಮ ಸಮತಟ್ಟು ಮಾಡುವವರು, ಉಪಕರಣ ಹೊರುವವರು, ಅಡುಗೆ ಮಾಡುವವರು ಎಷ್ಟೋ ಮಂದಿ. ಅವರಿಗೆ ಪದಕವಿಲ್ಲ, ಕೆಲಸವಿದ್ದ ದಿನ ಕೂಲಿ ಇದೆ.

ಇಳಿಜಾರಿನ ಅಪಾಯ

2010ರ ಫೆಬ್ರವರಿಯಲ್ಲಿ ಗುಲ್ಮರ್ಗ್‌ನ ಸೇನಾ ಶಾಲೆಯಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮಕುಸಿತದಲ್ಲಿ ಸತ್ತರು. 2023ರ ಫೆಬ್ರವರಿ 1ರಂದು ಅಫರ್ವಟ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು, 2024ರ ಫೆಬ್ರವರಿ 22ರಂದು ಖಿಲನ್‌ಮರ್ಗ್ ಕಡೆ ರಷ್ಯಾದ ಒಬ್ಬರು ಬಲಿಯಾದರು. ಹಿಮಕುಸಿತ ನಡೆದ ಕೂಡಲೇ ಸಲಿಕೆ, ಶೋಧ ಕೋಲುಗಳನ್ನು ಹಿಡಿದು ಓಡುವವರಲ್ಲಿ ಗೊಂಡೋಲಾ ನಿಗಮದ ಸ್ಕೀ ಗಸ್ತಿನವರು, ಸ್ಥಳೀಯ ಗೈಡುಗಳು ಇರುತ್ತಾರೆ. ಹೂತವರನ್ನು ಬದುಕಿಸಲು ಸಿಗುವುದು ಮೊದಲ ಹದಿನೈದು ನಿಮಿಷ. ಆಮೇಲೆ ಉಳಿಯುವ ಸಾಧ್ಯತೆ ಥಟ್ಟನೆ ಇಳಿಯುತ್ತದೆ.

ಹಿಮ ಕುಸಿಯುವುದೇಕೆ? ಚಳಿಗಾಲದ ಆರಂಭದಲ್ಲಿ ತೆಳ್ಳಗೆ ಹಿಮ ಬಿದ್ದು, ಮೋಡವಿಲ್ಲದ ಕೊರೆಯುವ ರಾತ್ರಿಗಳು ಸಾಲಾಗಿ ಬಂದರೆ, ಬೆಚ್ಚಗಿನ ನೆಲಕ್ಕೂ ತಣ್ಣನೆಯ ಮೇಲ್ಪದರಕ್ಕೂ ನಡುವಿನ ಉಷ್ಣತೆಯ ವ್ಯತ್ಯಾಸದಿಂದ ಕೆಳಗಿನ ಹಿಮ ಸಕ್ಕರೆಯಂತೆ ಬಿಡಿಬಿಡಿ ಹರಳಾಗುತ್ತದೆ. ಅದಕ್ಕೆ ಹಿಡಿತವಿಲ್ಲ. ಆಮೇಲೆ ಒಮ್ಮೆಲೇ ಭಾರಿ ಹಿಮ ಬಿದ್ದು, ಗಾಳಿ ಅದನ್ನು ಒಂದೇ ಬದಿಗೆ ರಾಶಿ ಹಾಕಿದರೆ, ಮೇಲಿನ ಗಟ್ಟಿ ಪದರ ಕೆಳಗಿನ ಹರಳುಗಳ ಮೇಲೆ ನಿಂತಿರುತ್ತದೆ. ಒಬ್ಬ ಸ್ಕೀಯರ್‌ನ ಭಾರವೂ ಅದನ್ನು ಕಳಚಲು ಸಾಕು. ಹಿಮ ತಡವಾಗಿ, ಒಮ್ಮೆಲೇ ಬೀಳುವ ಇತ್ತೀಚಿನ ಚಳಿಗಾಲಗಳು ಹಿಮದ ಕೊರತೆಯನ್ನು ಮಾತ್ರವಲ್ಲ, ಈ ದುರ್ಬಲ ಪದರವನ್ನೂ ತರುತ್ತವೆ ಎಂಬುದನ್ನು ಮರೆಯಬಾರದು.

ಅಪಾಯ ಹಿಮದಿಂದಷ್ಟೇ ಬರುವುದಿಲ್ಲ. 2024ರ ಅಕ್ಟೋಬರ್ 24ರಂದು ಗುಲ್ಮರ್ಗ್ ಬಳಿಯ ಬೋಟಪತ್ರಿಯಲ್ಲಿ ಉಗ್ರರು ಸೇನಾ ವಾಹನದ ಮೇಲೆ ದಾಳಿ ಮಾಡಿದಾಗ ಸೈನಿಕರ ಜತೆ ಇಬ್ಬರು ಪೋರ್ಟರ್‌ಗಳೂ ಸತ್ತರು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್‌ನಲ್ಲಿ ಉಗ್ರರು ಕೊಂದ 26 ಮಂದಿಯಲ್ಲಿ ನಮ್ಮ ಶಿವಮೊಗ್ಗ, ಬೆಂಗಳೂರಿನವರಿದ್ದರು. ಪ್ರವಾಸಿಗರನ್ನು ಕುದುರೆಯ ಮೇಲೆ ಕರೆತರುತ್ತಿದ್ದ ಸ್ಥಳೀಯನೊಬ್ಬನೂ ಇದ್ದ. ಆಮೇಲೆ ಕಣಿವೆಯ ಹಲವು ತಾಣಗಳನ್ನು ಮುಚ್ಚಲಾಯಿತು, ಬುಕಿಂಗ್‌ಗಳು ರದ್ದಾದವು. ಪ್ರಾಣ ಕಳೆದುಕೊಂಡವರ ಮನೆಗಳ ದುಃಖಕ್ಕೆ ಯಾವುದೂ ಸಾಟಿಯಿಲ್ಲ. ಆ ದುಃಖವನ್ನು ಗೌರವಿಸುತ್ತಲೇ ಇನ್ನೊಂದನ್ನೂ ಕಾಣಬೇಕು: ಹಿಂಸೆಯಲ್ಲಿ ಯಾವ ಕೈಯೂ ಇಲ್ಲದ ಸಾವಿರಾರು ದುಡಿಯುವ ಕೈಗಳು ಒಂದು ರಾತ್ರಿಯಲ್ಲಿ ಖಾಲಿಯಾದವು.

ಹಿಮ ಬಾರದ ವರ್ಷ

ಕಾಶ್ಮೀರದ ಹಿಮ ಬರುವುದು ಮೆಡಿಟರೇನಿಯನ್ ಕಡೆಯಿಂದ. ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವ ಮಾರುತಗಳು ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬಂದು ಪೀರ್ ಪಂಜಾಲ್‌ಗೆ ಬಡಿದು ಹಿಮ ಸುರಿಸುತ್ತವೆ. 2024ರ ಜನವರಿಯಲ್ಲಿ ಅವು ವಾರಗಟ್ಟಲೆ ಬರಲಿಲ್ಲ. ಚಿಲ್ಲೈ ಕಲಾನ್‌ನ ನಟ್ಟನಡುವೆ ಗುಲ್ಮರ್ಗ್‌ನ ಇಳಿಜಾರುಗಳಲ್ಲಿ ಕಂದು ಹುಲ್ಲು ಕಾಣುತ್ತಿತ್ತು. ಆ ಚಿತ್ರಗಳು ದೇಶವೆಲ್ಲ ಹರಿದಾಡಿದವು. ಫೆಬ್ರವರಿಯ ಆರಂಭದಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಕೂಟ ಮುಂದಕ್ಕೆ ಹೋಯಿತು. 2025ರಲ್ಲೂ ಅದೇ ಕಥೆ: ಫೆಬ್ರವರಿಯ ಕೂಟ ಹಿಮ ಸಾಲದೆ ಮುಂದೂಡಲ್ಪಟ್ಟು ಮಾರ್ಚ್ 9ರಿಂದ 12ರವರೆಗೆ ನಡೆಯಿತು.

ಕೂಟವನ್ನು ಮುಂದೂಡಬಹುದು. ಸ್ಲೆಡ್ಜ್ ಎಳೆಯುವವನ ಜನವರಿಯನ್ನು ಮುಂದೂಡಲಾಗದು. ಅವನ ವರ್ಷದ ಗಳಿಕೆಯ ದೊಡ್ಡ ಪಾಲು ಹೊಸ ವರ್ಷದ ಆಸುಪಾಸಿನ ಆರೇಳು ವಾರಗಳಲ್ಲಿ ಕೂಡಿಬರಬೇಕು. ಸ್ಕೀ ಉಪಕರಣ ಕೊಂಡಿಟ್ಟ ಅಂಗಡಿಯವನು ಸಾಲದ ಕಂತು ಕಟ್ಟಬೇಕು. ಹೋಟೆಲಿಗೆ ಬುಕಿಂಗ್ ರದ್ದಾದರೆ ಮೊದಲು ಮನೆಗೆ ಹೋಗುವವರು ಹಂಗಾಮಿ ನೌಕರರು. ಒಂದು ಬೆಳೆ ಒಣಗಿದರೆ ರೈತನಿಗೆ ಕಾಗದದ ಮೇಲಾದರೂ ಬೆಳೆವಿಮೆ ಎಂಬುದುಂಟು. ಹಿಮ ಬಾರದೆ ಕೆಟ್ಟ ಋತುವಿಗೆ ಅಂಥದ್ದೊಂದಿಲ್ಲ.

ನಷ್ಟ ಗುಲ್ಮರ್ಗ್‌ನಲ್ಲೇ ನಿಲ್ಲುವುದೂ ಇಲ್ಲ. ಚಿಲ್ಲೈ ಕಲಾನ್‌ನಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಹೆಪ್ಪುಗಟ್ಟಿ ಬೇಸಿಗೆಯವರೆಗೆ ಮೆಲ್ಲಗೆ ಕರಗುತ್ತದೆ. ಝೇಲಂ ನದಿಗೆ, ಕಣಿವೆಯ ಭತ್ತದ ಗದ್ದೆಗಳಿಗೆ, ಸೇಬಿನ ತೋಟಗಳಿಗೆ ಅದೇ ನೀರು. ಫೆಬ್ರವರಿಯ ಕೊನೆಗೆ, ಮಾರ್ಚ್‌ಗೆ ಬಿದ್ದ ಹಿಮ ಬಂದಷ್ಟೇ ಬೇಗ ಕರಗಿ ಹರಿದುಹೋಗುತ್ತದೆ. 2025ರ ಫೆಬ್ರವರಿಯಲ್ಲಿ ಅನಂತನಾಗ್ ಜಿಲ್ಲೆಯ ಅಚಬಲ್‌ನ ಪ್ರಸಿದ್ಧ ಬುಗ್ಗೆ ಬತ್ತಿದಾಗ ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರಿಗೇ ತೊಂದರೆಯಾಯಿತು. ಸ್ಕೀ ಹಾಕಿಕೊಂಡು ಜಾರಲು ಬಂದವನು ನೋಡುವ ಹಿಮವೇ ಆರು ತಿಂಗಳ ನಂತರ ಇನ್ನೊಬ್ಬನ ಗದ್ದೆಯ ನೀರು.

ಬೇರೆ ಹಿಮದೂರುಗಳು ಕಲಿತದ್ದು

ಈ ಕಷ್ಟಗಳು ಗುಲ್ಮರ್ಗ್‌ಗೆ ಮಾತ್ರ ಅಂಟಿದವಲ್ಲ. ಸ್ವಿಟ್ಜರ್ಲೆಂಡಿನ ಜರ್ಮಾಟ್‌ನಂಥ ಸಿರಿವಂತ ಊರಿನಲ್ಲಿಯೂ 2018ರ ಜನವರಿಯಲ್ಲಿ ಹಿಮಕುಸಿತದ ಭಯದಿಂದ ರಸ್ತೆ, ರೈಲು ಎರಡೂ ಮುಚ್ಚಿ ಸುಮಾರು 13,000 ಪ್ರವಾಸಿಗರು ಸಿಕ್ಕಿಬಿದ್ದಿದ್ದರು. ಆಸ್ಟ್ರಿಯಾದ ಗಾಲ್ಟೂರ್‌ನಲ್ಲಿ 1999ರ ಫೆಬ್ರವರಿ 23ರಂದು ಹಿಮ ಊರಿನೊಳಕ್ಕೇ ನುಗ್ಗಿ 31 ಮಂದಿಯನ್ನು ಕೊಂದಿತು. ಆ ಊರಿನವರು ಆಮೇಲೆ ಬೃಹತ್ ತಡೆಗೋಡೆ ಕಟ್ಟಿ, ಗೋಡೆಗೆ ಸೇರಿಸಿಯೇ ಒಂದು ವಸ್ತುಸಂಗ್ರಹಾಲಯ ಮಾಡಿಕೊಂಡರು. ದುರಂತ ಮರೆತುಹೋಗದಂತೆ, ಮರುಕಳಿಸದಂತೆ ಒಂದೇ ಕಟ್ಟಡ ನೋಡಿಕೊಳ್ಳುತ್ತದೆ.

ದಾವೋಸ್‌ನಲ್ಲಿ ಹಿಮದ ಅಧ್ಯಯನಕ್ಕಾಗಿಯೇ ಒಂದು ಸಂಸ್ಥೆ ಇದೆ. ಅಲ್ಲಿಯ ವಿಜ್ಞಾನಿಗಳು 1936ರಿಂದ ಪರ್ವತದ ಮೇಲೆ ಹಿಮವನ್ನು ಅಳೆಯುತ್ತ ಬಂದಿದ್ದಾರೆ. ಚಳಿಗಾಲದಲ್ಲಿ ದಿನಕ್ಕೆ ಎರಡು ಬಾರಿ, ನಾಲ್ಕು ಭಾಷೆಗಳಲ್ಲಿ, ಒಂದರಿಂದ ಐದರವರೆಗಿನ ಅಪಾಯದ ಮಟ್ಟವನ್ನು ಪ್ರಕಟಿಸುತ್ತಾರೆ. ಯಾವ ಇಳಿಜಾರು, ಎಷ್ಟು ಎತ್ತರದ ಮೇಲೆ, ಏಕೆ ಎಂಬ ವಿವರ ಸಹಿತ. ನಮ್ಮಲ್ಲೂ ಆ ಪರಂಪರೆ ಇಲ್ಲದಿಲ್ಲ. 1969ರಲ್ಲಿ ಮನಾಲಿಯಲ್ಲಿ ಆರಂಭವಾದ ಹಿಮ ಅಧ್ಯಯನ ಸಂಸ್ಥೆ ಈಗ ರಕ್ಷಣಾ ಸಂಶೋಧನಾ ಸಂಸ್ಥೆಯ ಭಾಗವಾಗಿ ಚಂಡೀಗಢದಿಂದ ಕೆಲಸ ಮಾಡುತ್ತ, ಜಿಲ್ಲಾವಾರು ಎಚ್ಚರಿಕೆ ಕೊಡುತ್ತದೆ. ಜಿಲ್ಲೆಯ ಹೆಸರು ಹೇಳುವ ಎಚ್ಚರಿಕೆ ಆಡಳಿತಕ್ಕೆ ಸಾಕಾದೀತು. ಇಂದು ಬೆಳಗ್ಗೆ ಈ ಕಣಿವೆಗೆ ಗಿರಾಕಿಯನ್ನು ಕರೆದೊಯ್ಯಲೇ ಎಂದು ಯೋಚಿಸುತ್ತಿರುವ ಗೈಡಿಗೆ ಅದು ಸಾಲದು.

ಕೆನಡಾದ ವಿಸ್ಲರ್‌ನಿಂದ ಕಲಿಯಬೇಕಾದದ್ದು ಇನ್ನೊಂದಿದೆ. ರೆಸಾರ್ಟ್ ಬೆಳೆದಂತೆ ಮನೆಬಾಡಿಗೆ ಏರಿ, ಕೆಲಸಗಾರರು ಊರಲ್ಲಿ ಇರಲಾಗದೆ ದೂರದಿಂದ ಓಡಾಡುವ ಸ್ಥಿತಿ ಬಂದಾಗ, ಅಲ್ಲಿಯ ಪುರಸಭೆ 1997ರಲ್ಲಿ ವಸತಿ ಪ್ರಾಧಿಕಾರ ಸ್ಥಾಪಿಸಿತು. ದುಡಿಯುವವರಲ್ಲಿ ಕನಿಷ್ಠ ಮುಕ್ಕಾಲು ಪಾಲು ಜನ ಊರೊಳಗೇ ವಾಸಿಸಬೇಕು ಎಂಬುದು ಅವರ ಗುರಿ. ಊರನ್ನು ನಡೆಸುವವರಿಗೆ ಊರಲ್ಲಿ ಜಾಗವಿರಬೇಕೆಂದು ಒಂದು ಆಡಳಿತ ಬರೆದಿಟ್ಟು ಒಪ್ಪಿಕೊಂಡದ್ದೇ ದೊಡ್ಡ ವಿಷಯ. ಗುಲ್ಮರ್ಗ್‌ನ ಬಟ್ಟಲು ಚಿಕ್ಕದು, ಪರಿಸರ ನಾಜೂಕು. ಅಲ್ಲಿ ಮನೆಗಳನ್ನು ಕಟ್ಟುತ್ತ ಹೋಗಲಾಗದು. ಆದರೆ ಕೆಳಗಿನ ಹಳ್ಳಿಗಳಿಂದ ಬೆಳಗ್ಗೆ ಹತ್ತಿಸಿ ಸಂಜೆ ಇಳಿಸುವ, ಹಿಮ ಬಿದ್ದ ದಿನವೂ ತಪ್ಪದ ಬಸ್ಸುಗಳನ್ನು ಓಡಿಸಬಹುದು. ದಾರಿ ಮುಚ್ಚಿದ ರಾತ್ರಿ ಕೆಲಸಗಾರರು ತಂಗಲು ಬೆಚ್ಚಗಿನ ಕೋಣೆಗಳನ್ನು ಮಾಡಬಹುದು.

ಕೃತಕ ಹಿಮದ ಮಾತೂ ಆಗಾಗ ಕೇಳಿಬರುತ್ತದೆ. ಆಲ್ಪ್ಸ್‌ನ ತಗ್ಗಿನ ರೆಸಾರ್ಟುಗಳು ಅದನ್ನೇ ನಂಬಿವೆ. ಅದಕ್ಕೆ ನೀರು ಬೇಕು, ವಿದ್ಯುತ್ ಬೇಕು, ಸಾಕಷ್ಟು ಚಳಿಯೂ ಬೇಕು. ಬುಗ್ಗೆ ಬತ್ತುವ, ಮನೆಗಳಿಗೇ ವಿದ್ಯುತ್ ಸಾಲದ ಕಣಿವೆಯಲ್ಲಿ ಇಳಿಜಾರಿಗೆ ಯಂತ್ರದ ಹಿಮ ಸುರಿಯುವುದು ಊರಿನವರ ಬಾಯಿಂದ ಕಿತ್ತು ಆಟಕ್ಕೆ ಕೊಟ್ಟಂತಾಗುತ್ತದೆ. ತರಬೇತಿಯ ಚಿಕ್ಕ ಇಳಿಜಾರಿಗೆ ಅದು ಆದೀತು, ಊರಿನ ಜೀವನೋಪಾಯಕ್ಕೆ ಆಗದು.

ಆಗಬೇಕಾದದ್ದು

ಇಷ್ಟನ್ನು ಒಟ್ಟಿಗೆ ನೋಡಿದ ಮೇಲೆ ಮಾಡಬೇಕಾದ ಕೆಲಸಗಳು ಗೊಂದಲವಿಲ್ಲದೆ ಕಾಣುತ್ತವೆ. ಹಿಮ ಬಾರದೆಯೋ ಭದ್ರತೆಯ ಕಾರಣಕ್ಕೋ ಋತು ಕೆಟ್ಟಾಗ ನೋಂದಾಯಿತ ಸ್ಲೆಡ್ಜ್‌ನವರು, ಕುದುರೆಯವರು, ಪೋರ್ಟರ್‌ಗಳು, ಗೈಡುಗಳಿಗೆ ತಾನಾಗಿ ಸಲ್ಲುವ ಪರಿಹಾರನಿಧಿ ಬೇಕು. ಹಿಮದ ಆಳ ಅಳೆದಿಟ್ಟ ದಾಖಲೆಯನ್ನೇ ಮಾನದಂಡ ಮಾಡಿದರೆ ಅರ್ಜಿ ಹಿಡಿದು ಅಲೆಯುವ ಪಾಡು ತಪ್ಪುತ್ತದೆ. ಗೊಂಡೋಲಾ ಟಿಕೆಟ್ಟಿನ ಹಣದಲ್ಲಿ ಸಣ್ಣ ಪಾಲನ್ನು ಅದಕ್ಕೆ ಮೀಸಲಿಡುವುದು ಅಸಾಧ್ಯವೇನಲ್ಲ. ಹಿಮಕುಸಿತದ ಎಚ್ಚರಿಕೆ ಇಳಿಜಾರಿನ ಮಟ್ಟದಲ್ಲಿ, ಕಾಶ್ಮೀರಿ ಮತ್ತು ಉರ್ದುವಿನಲ್ಲಿ, ಬೆಳಗಿನ ಜೀಪು ಹೊರಡುವ ಮುನ್ನ ಫೋನಿಗೆ ಬರಬೇಕು. ಗೈಡುಗಳಿಗೆ ರಕ್ಷಣಾ ಉಪಕರಣ, ತರಬೇತಿ, ಜೀವವಿಮೆ ಸರ್ಕಾರದ ಖರ್ಚಿನಲ್ಲೇ ಸಿಗಬೇಕು. ಅಪರಿಚಿತರ ಜೀವ ಉಳಿಸಲು ಮೊದಲು ಓಡುವವರು ಅವರು. ತಂಗ್‌ಮರ್ಗ್ ಸುತ್ತಲಿನ ಮನೆಗಳಿಗೆ ಚಳಿಗಾಲದ ವಿದ್ಯುತ್ತನ್ನು ಹೋಟೆಲುಗಳಿಗೆ ಕೊಡುವಷ್ಟೇ ನಿಷ್ಠೆಯಿಂದ ಕೊಡಬೇಕು.

ಪ್ರವಾಸಿಗಳಾಗಿ ಹೋಗುವ ನಮಗೂ ಕೆಲಸವಿದೆ. ನಿಗದಿಯಾದ ದರವನ್ನು ಚೌಕಾಶಿಯಿಲ್ಲದೆ ಕೊಡುವುದು, ರಸ್ತೆ ಮುಚ್ಚಿದರೆ, ಗೊಂಡೋಲಾ ನಿಂತರೆ ಸಿಬ್ಬಂದಿಯ ಮೇಲೆ ಕೂಗಾಡದಿರುವುದು, ಪ್ಲಾಸ್ಟಿಕ್ ಬಾಟಲಿಯನ್ನು ಹಿಮದಲ್ಲಿ ಬಿಸಾಡದಿರುವುದು. ಬಿಸಾಡಿದ್ದು ಹಿಮದಡಿ ಕಾಣದೆ ಕುಳಿತಿದ್ದು ವಸಂತದಲ್ಲಿ ಕರಗಿದ ನೀರಿನೊಂದಿಗೆ ಕೆಳಗಿನ ಹಳ್ಳಿಗಳ ಹಳ್ಳಕ್ಕೆ ಇಳಿಯುತ್ತದೆ. ಒಂದು ರಾತ್ರಿಯಾದರೂ ತಂಗ್‌ಮರ್ಗ್‌ನ ಸಣ್ಣ ವಸತಿಗೃಹದಲ್ಲಿ ಉಳಿದರೆ ನಾವು ಖರ್ಚು ಮಾಡಿದ ಹಣ ದುಡಿಯುವವರ ಊರಿಗೇ ಸೇರುತ್ತದೆ.

ಗುಲ್ಮರ್ಗ್‌ನ ಚಳಿಗಾಲ ಉಳಿಯಬೇಕೆಂದು ಬಯಸುವವರು ಆಕಾಶದ ಕಡೆ ನೋಡುತ್ತ ಕೂರಬೇಕಾಗಿಲ್ಲ. ಹಿಮ ಎಷ್ಟು ಬೀಳಬೇಕೆಂದು ನಾವು ತೀರ್ಮಾನಿಸಲಾರೆವು. ಬೀಳದಿದ್ದಾಗ ಅದರ ನಷ್ಟ ಯಾರು ಹೊರಬೇಕೆಂದು ತೀರ್ಮಾನಿಸಬಲ್ಲೆವು. ಇದುವರೆಗೆ ಆ ತೀರ್ಮಾನವನ್ನು ಯಾರೂ ಎದುರಿಗೆ ನಿಂತು ಮಾಡಿಲ್ಲ. ಹಾಗಾಗಿಯೇ ಅದು ಪ್ರತಿ ವರ್ಷ ಸದ್ದಿಲ್ಲದೆ ಬಡವನ ಮೇಲೆ ಬಂದು ಬೀಳುತ್ತಿದೆ. ಮುಂದಿನ ಚಳಿಗಾಲದ ಮೊದಲ ಹಿಮಕ್ಕೆ ಮುನ್ನ, ಜಾಹೀರಾತಿನ ಹಣ ಖರ್ಚಾಗುವ ಮುನ್ನ, ಆ ಹೊರೆಯನ್ನು ಹಂಚಿಕೊಳ್ಳುವ ನಿಧಿಯೊಂದು ಸಿದ್ಧವಾಗಬೇಕು.